ಹದ್ದಿನ ಸೈಡ್‌ಕಾರಿನಲ್ಲಿ ಗೋವೆಗೆ

ಲೋಕಾಪುರ

ನಾನು ಕಂಡ ಒಂದೇ ಒಂದು ಪರದೇಶಕ್ಕೆ ಹೋಗಲು ಹಡಗು ಬೇಕಾಗಲಿಲ್ಲ. ಜಮಖಂಡಿಯ ನಮ್ಮ ಮನೆಯ ಮುಂದೆ ಮೋಟರ್‌ಸೈಕಲ್ಲಿನ ಸೈಡ್‌ಕಾರಿನಲ್ಲಿ ಕೂತೆ, ಗೋವೆಯಲ್ಲಿ ಇಳಿದೆ. ಆಗ ನಾವು ಮುಂಬಯಿ ರಾಜ್ಯದವರು, ಗೋವೆ ಪೋರ್ತುಗೀಜರದು. ಅಲ್ಲಿಯವರು ಬೆಳಗಾವಿಯ ಪೇಟೆಗೆ ಬರುತ್ತಿದ್ದರು, ನಮ್ಮ ಕಡೆಯ ಸೀರೆ, ಮೆಣಸಿನಕಾಯಿ ಅಲ್ಲಿಗೆ ಹೋಗುತ್ತಿದ್ದವು. ಆದರೂ ನಡುವೆ ಒಂದು ಅಡ್ಡಗಂಬ, ಅದರಾಚೆ ಬೇರೆ ಬಾವುಟ, ಬೇರೆ ಕಾನೂನು.

ಹೋದದ್ದು ಮನೆದೇವರ ದರ್ಶನಕ್ಕೆಂದು. ನಮ್ಮ ಮನೆತನದ ಕುಲದೇವರು ಗೋವೆಯಲ್ಲಿದ್ದಾನೆ. ಹಿಂದಿನ ಚಳಿಗಾಲದಲ್ಲಿ ನನಗೆ ಒಂದು ಹೆಣ್ಣುಕೂಸು ಹುಟ್ಟಿ, ಒಮ್ಮೆಯೂ ಅಳದೆ ಹೋಗಿಬಿಟ್ಟಿತ್ತು. ಅಂದಿನಿಂದ ನಾನು ಮನೆಯಲ್ಲಿ ಬೇಕಾದಷ್ಟೇ ಮಾತಾಡುತ್ತಿದ್ದೆ. ನಮ್ಮವರು ವಕೀಲರು. ಕೋರ್ಟಿನಲ್ಲಿ ದಿನವಿಡೀ ಮಾತಾಡಿ ಬಂದು, ಮನೆಯಲ್ಲಿ ಗಾಡಿ ಒರೆಸುತ್ತ ಕೂಡುತ್ತಿದ್ದರು. ಅವರ ದುಃಖ ಆ ಒರೆಸುವ ಬಟ್ಟೆಯಲ್ಲೇ ಮುಗಿದುಹೋಯಿತು ಎಂದು ನಾನು ತಿಳಿದಿದ್ದೆ. ಕೊನೆಗೆ ಅತ್ತೆಯವರೇ, "ಇಬ್ಬರೂ ಹೋಗಿ ದೇವರಿಗೆ ಕೈಮುಗಿದು ಬರ್ರಿ, ಈ ಮನ್ಯಾಗ ಮಾತು ಕೇಳಿ ಭಾಳ ದಿನ ಆತು," ಎಂದರು.

ರೈಲಿನಲ್ಲಿ ಹೋಗಬಹುದಿತ್ತು. ಹೋಗದಿರಲು ಕಾರಣ ಲೋಕಾಪುರ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಎಲ್ಲ ಸೇರಿಸಿದರೂ ಆಗ ಬೆರಳಿನಲ್ಲಿ ಎಣಿಸುವಷ್ಟು ಮೋಟರ್‌ಸೈಕಲ್ಲುಗಳಿದ್ದವು. ಅವುಗಳ ಯಜಮಾನರು ಭಾನುವಾರ ಲೋಕಾಪುರದ ಕೂಡುರಸ್ತೆಯಲ್ಲಿ, ಒಂದು ಬೇವಿನ ಮರದ ಕೆಳಗಿನ ಚಹಾದಂಗಡಿಗೆ ಬಂದು ಸೇರುತ್ತಿದ್ದರು. ಸೇರುವುದೆಂದರೆ ಎರಡು ಗುಂಪಾಗಿ ಎದುರುಬದುರು ಬೆಂಚಿನ ಮೇಲೆ ಕೂಡುವುದು. ಎರಡೂ ಕಂಪನಿಗಳ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಆ ಜಗಳಕ್ಕೆ ಈಗಲೂ ಪಂಚೆ ಬಿಗಿದು ನಿಲ್ಲುವವರು ಒಬ್ಬಿಬ್ಬರು ಉಳಿದಿದ್ದಾರೆ. ಪೆಟ್ರೋಲ್ ಟಾಕಿಯ ಮೇಲಿನ ಚಿತ್ರ ನೋಡಿ ಜನ ಒಂದಕ್ಕೆ ಹದ್ದು, ಇನ್ನೊಂದಕ್ಕೆ ಹುಲಿ ಎನ್ನುತ್ತಿದ್ದರು. ಹದ್ದಿನವನ ಗಾಡಿ ನಡುದಾರಿಯಲ್ಲಿ ನಿಂತರೆ ಹುಲಿಯವನು ಪಕ್ಕದಲ್ಲಿ ನಿಲ್ಲಿಸಿ, ಬೀಡಿ ಹಚ್ಚಿ, ರಿಪೇರಿ ಮುಗಿಯುವವರೆಗೂ ಟೀಕೆ ಮಾಡುತ್ತಿದ್ದ. ಬಿಟ್ಟು ಮಾತ್ರ ಹೋಗುತ್ತಿರಲಿಲ್ಲ.

ನಮ್ಮದು ಹದ್ದು. ಅದರ ಹಿಂದಿನ ವರ್ಷದ ದಸರೆಗೆ ಅದಕ್ಕೊಂದು ಸೈಡ್‌ಕಾರು ಕೂಡಿಸಿದ್ದರು. ಹುಲಿಯವರ ಹತ್ತಿರ ಇಲ್ಲದ್ದು ತಮ್ಮ ಹತ್ತಿರ ಇರಲಿ ಎಂಬ ಗತ್ತಿಗೆ ತಂದದ್ದು ಎಂದು ಊರೆಲ್ಲ ಅಂದಿತು, ನಾನೂ ಅಂದುಕೊಂಡೆ. ಹುಲಿಯವರ ಮುಖಂಡ ಚನಮಲ್ಲಪ್ಪ. ಬನಹಟ್ಟಿಯ ನೇಕಾರ ಮನೆತನದವನು, ಮನೆಯಲ್ಲಿ ಸ್ವಂತ ಮಗ್ಗಗಳಿದ್ದವು, ಗಿಡ್ಡ ಆಳು, ದೊಡ್ಡ ದನಿ. ಸೈಡ್‌ಕಾರಿನಲ್ಲೇ ಕೂತಿದ್ದ ನನಗೆ ಆ ಭಾನುವಾರದ ಮಾತು ಈಗಲೂ ಕೇಳಿಸುತ್ತದೆ.

"ವಕೀಲ್ರ, ಈ ತೊಟ್ಟಲಾ ಕಟಗೊಂಡು ಆಂಬೋಲಿ ಘಾಟ ಇಳದು ಏರತೀರೇನ್ರಿ?" ಎಂದ ಚನಮಲ್ಲಪ್ಪ, ತೊಟ್ಟಿಲು ಎಂಬ ಮಾತು ಬಾಯಿಂದ ಬಿದ್ದ ಕೂಡಲೇ ನನ್ನ ಕಡೆ ನೋಡಿ ತುಟಿ ಕಚ್ಚಿಕೊಂಡ. ಮಾತು ಮರೆಸಲು ಇನ್ನೂ ಜೋರಾಗಿ, "ನಾನೂ ಬರತೇನ್ರಿ. ಉದರಿದ ನಟ್ಟು-ಬೋಲ್ಟು ಆರಿಸಿ ಚೀಲದಾಗ ತುಂಬಾಕ ಒಬ್ಬ ಮನಷ್ಯಾ ಬೇಕಲ್ಲ," ಎಂದ.

"ಬಾರಪಾ. ನಿನ್ನ ಹುಲಿ ಘಾಟಿನ್ಯಾಗ ಕೂತುಬಿಟ್ರ ಹಗ್ಗಾ ಹಾಕಿ ಎಳಕೊಂಡು ಬರ್ತೀನಿ," ಎಂದರು ನಮ್ಮವರು.

ಎರಡೂ ಬೆಂಚಿನವರು ಸೇರಿ ಕರಾರು ಮಾಡಿದರು. ಗೋವೆಗೆ ಹೋಗಿ ಬರುವುದರೊಳಗೆ ಯಾರು ಮೊದಲು ರಿಪೇರಿಗೆ ಪಾನಾ, ಅಂದರೆ ಸ್ಪ್ಯಾನರುಗಳ ಚೀಲ ಬಿಚ್ಚುತ್ತಾರೋ ಅವರ ಕಂಪನಿ ಸೋತಂತೆ. ಸೋತವರು ವರ್ಷವಿಡೀ ಬೇವಿನ ನೆರಳು ಬಿಟ್ಟು ಬಿಸಿಲಲ್ಲಿ ಗಾಡಿ ನಿಲ್ಲಿಸಬೇಕು. ದೇವರ ದರ್ಶನ ಹಿಂದೆ ಸರಿಯಿತು.

ಆಂಬೋಲಿ

ದೀಪಾವಳಿ ಮುಗಿದಿತ್ತು. ಬೆಳಗಾವಿ ದಾಟಿದ ಮೇಲೆ ನೆಲದ ಬಣ್ಣ ಬದಲಾಯಿತು. ನಮ್ಮ ಕಡೆ ನಿಂತಲ್ಲಿಂದ ಮುಂದಿನ ಊರಿನ ಗುಡಿ ಕಾಣುತ್ತದೆ. ಇಲ್ಲಿ ಮುಂದಿನ ತಿರುವು ಕೂಡ ಕಾಣುವುದಿಲ್ಲ. ಸೈಡ್‌ಕಾರಿನಲ್ಲಿ ಕೂತವರಿಗೆ ರಸ್ತೆ ತೀರಾ ಹತ್ತಿರ, ಎತ್ತಿನ ಗೊರಸು, ಚಕ್ಕಡಿಯ ಗಾಲಿ, ನಾಯಿಯ ಮುಖ ಎಲ್ಲ ನಮ್ಮ ಮುಖದ ಮಟ್ಟಕ್ಕೇ ಬರುತ್ತವೆ. ಮೊಣಕಾಲ ಮೇಲೆ ರೊಟ್ಟಿಯ ಗಂಟು, ಕಾಲ ಹತ್ತಿರ ದೇವರಿಗೆ ತಂದ ತೆಂಗಿನಕಾಯಿ. ಅದು ತಿರುವಿಗೊಮ್ಮೆ ಉರುಳಿ ನನ್ನ ಕಾಲ್ಬೆರಳಿಗೆ ಬಡಿಯುತ್ತಿತ್ತು.

ಘಟ್ಟದಲ್ಲಿ ಮಂಜು ಇಳಿದಿತ್ತು. ಒಂದು ತಿರುವಿನಲ್ಲಿ ಹಿಂದಿನಿಂದ ಹುಲಿಯ ಸದ್ದು ನಿಂತುಹೋಯಿತು. ನಮ್ಮವರು ಸ್ವಲ್ಪ ಮುಂದೆ ಹೋಗಿ ನಿಲ್ಲಿಸಿ ಕೂಗಿದರು.

"ಏನಾತೋ?"

"ಏನಿಲ್ರಿ. ಮಂಗ್ಯಾ ನೋಡಾಕತ್ತೇನಿ. ಛಲೋ ಅದಾವು," ಎಂದು ಮಂಜಿನೊಳಗಿಂದ ಉತ್ತರ ಬಂತು.

ನಾನು ಕೂತಲ್ಲಿಂದ ಹಿಂದೆ ತಿರುಗಿದೆ. ಮಂಜು ಒಂದು ಗಳಿಗೆ ಸರಿದಾಗ ಕಂಡದ್ದು ಮಂಗಗಳಲ್ಲ. ಚನಮಲ್ಲಪ್ಪ ಮೊಣಕಾಲೂರಿ ಕೂತು, ಧೋತರದ ಮಡಿಕೆಯೊಳಗಿಂದ ಪಾನಾ ತೆಗೆದು, ಪ್ಲಗ್ಗು ಬಿಚ್ಚಿ ಊದುತ್ತಿದ್ದ. ನನ್ನನ್ನು ಕಂಡದ್ದೇ ತುಟಿಯ ಮೇಲೆ ಬೆರಳಿಟ್ಟ. ಆಮೇಲೆ ಎರಡೂ ಕೈ ಜೋಡಿಸಿದ. ನನಗೆ ನಗೆ ಬಂತು. ಎಷ್ಟು ತಿಂಗಳಾಗಿತ್ತೋ, ಆ ನಗೆ ನನಗೇ ಯಾರದೋ ಅನಿಸಿತು.

ನಮ್ಮವರು ತಿರುಗಿ ನೋಡಿ, "ಯಾಕ ನಗ್ತೀ?" ಎಂದರು.

"ಮಂಗ್ಯಾ," ಎಂದೆ.

ಹಾಗೆಂದು ನಮ್ಮವರೇನೂ ಸಾಚಾ ಅಲ್ಲ. ಘಟ್ಟ ಇಳಿಯುವಾಗ ಸೈಲೆನ್ಸರಿನ ಪಟ್ಟಿ ಕಳಚಿ ನೆಲಕ್ಕೆ ಬಡಿಯತೊಡಗಿತು. ಅದನ್ನು ನನ್ನ ಜಡೆಯ ಗೊಂಡೆದಾರ ಬಿಚ್ಚಿಸಿ ಕಟ್ಟಿದರು. ಚನಮಲ್ಲಪ್ಪ ಹಿಡಿದುಬಿಟ್ಟ. ನಮ್ಮವರು ಕೋರ್ಟಿನ ದನಿಯಲ್ಲಿ, "ಕರಾರು ಪಾನಾದ್ದು. ದಾರದ ಮಾತು ಕರಾರಿನ್ಯಾಗ ಎಲ್ಲಿ ಬಂದದ ತೋರಿಸು," ಎಂದು ವಾದ ಮಾಡಿದರು. ಅವರ ಮುಖ ಕೆಂಪಾಗಿತ್ತು, ಕೋಟಿನ ಗುಂಡಿ ಕತ್ತಿನವರೆಗೂ ಹಾಕಿದ್ದರು. ಘಟ್ಟದ ಚಳಿ ಇರಬೇಕು ಎಂದುಕೊಂಡೆ.

ಗಡಿ

ಸಾವಂತವಾಡಿ, ಬಾಂದಾ ದಾಟಿದ ಮೇಲೆ ನಮ್ಮ ದೇಶ ಮುಗಿಯಿತು. ಮುಗಿದಿದ್ದು ಗೊತ್ತಾಗುವಂತೆ ನೆಲ ಏನೂ ಬದಲಾಗಲಿಲ್ಲ. ಅದೇ ಕೆಂಪು ಮಣ್ಣು, ಅದೇ ಗೋಡಂಬಿ ಗಿಡ. ಆಗಲೇ ಅಲ್ಲಿ ಬಿಗಿ ತಪಾಸಣೆ ಶುರುವಾಗಿತ್ತು. ಒಬ್ಬ ಬಿಳಿಯ ಅಧಿಕಾರಿ ನಮ್ಮ ಕಾಗದಗಳನ್ನು ತಿರುವಿ ಮುರುವಿ ನೋಡಿ, ನನ್ನ ಗಂಟು ಬಿಚ್ಚಿಸಿದ. ಖಡಕ್ ರೊಟ್ಟಿಯ ಅಟ್ಟಿ ನೋಡಿ, ಒಂದನ್ನು ಎತ್ತಿ, ಬೆತ್ತದಿಂದ ಬಡಿದು ಸದ್ದು ಕೇಳಿದ. ನಾನು ತುದಿ ಮುರಿದು ಬಾಯಿಗೆ ಹಾಕಿಕೊಂಡು ತೋರಿಸಬೇಕಾಯಿತು. ಶೇಂಗಾ ಚಟ್ನಿಯ ಡಬ್ಬಿ ಮೂಸಿದವನು ಸೀನುತ್ತ ಸೀನುತ್ತ ನಮ್ಮನ್ನು ಒಳಗೆ ಬಿಟ್ಟ.

ಹೋಗುವ ಮುಂಚೆ ಎರಡೂ ಗಾಡಿಗಳ ಸುತ್ತ ತಿರುಗಿದ. ಚನಮಲ್ಲಪ್ಪ ತನ್ನ ಟಾಕಿಯ ಧೂಳನ್ನು ತೋಳಿನಿಂದ ಒರೆಸಿ ನಿಂತ. ಅಧಿಕಾರಿ ಹದ್ದಿನ ಸೀಟು ತಟ್ಟಿ, ನಮ್ಮವರಿಗೆ ತಲೆಯಾಡಿಸಿ ಮೆಚ್ಚುಗೆ ತೋರಿಸಿ ಹೋದ. ಗಂಬ ದಾಟಿದ ಮೇಲೆ ಚನಮಲ್ಲಪ್ಪ ನನಗೆ ಅಂದ, "ಇವರಿಗೇನ ತಿಳೀತೈತಿ ಬಿಡ್ರಿ ವೈನಿ. ಅದಕ್ಕ ಇವರ ಕೈಯಾಗ ಇಷ್ಟs ನೆಲಾ ಉಳದೈತಿ."

ಕೈತಾನನ ಮನೆ

ಪರದೇಶದ ಮೊದಲ ವಿಚಿತ್ರ ನನಗೆ ಮಧ್ಯಾಹ್ನ ಕಂಡಿತು. ಪೆಡಣೆಯಿಂದಾಚೆ ಒಂದು ಊರಿಗೆ ಬಂದೆವು. ಊಟದ ಹೊತ್ತು ಕಳೆದಿತ್ತು. ಊರಿಗೆ ಊರೇ ಬಾಗಿಲು ಹಾಕಿಕೊಂಡು ಮಲಗಿತ್ತು. ಅಂಗಡಿ, ಕಚೇರಿ, ಕೊನೆಗೆ ನಾಯಿಗಳು ಕೂಡ. ನಮ್ಮ ಕಡೆ ಆ ಹೊತ್ತಿಗೆ ಮಗ್ಗಗಳ ಸದ್ದು ಜೋರಾಗಿರುತ್ತದೆ. ದಾರಿ ಕೇಳಲು ಒಂದು ನರಪಿಳ್ಳೆಯೂ ಇರಲಿಲ್ಲ.

ಆಗ ನಮ್ಮ ಹದ್ದು ತಾನಾಗಿಯೇ ನಿಧಾನವಾಗಿ ಒಂದು ಮಾವಿನ ನೆರಳಿಗೆ ಹೋಗಿ ನಿಂತಿತು. ಗಾಡಿ ಕೆಟ್ಟಿತು ಎಂದು ಹಿಗ್ಗಿ ಚನಮಲ್ಲಪ್ಪ ಹತ್ತಿರ ಬಂದ. ಕೆಟ್ಟದ್ದು ಗಾಡಿಯಲ್ಲ. ನಮ್ಮವರ ಕೈಗಳು ಹ್ಯಾಂಡಲ್ಲಿನ ಮೇಲೆ ಗಡಗಡ ನಡುಗುತ್ತಿದ್ದವು, ಹಲ್ಲು ಕಟಕಟ ಎನ್ನುತ್ತಿದ್ದವು. ಹಣೆ ಮುಟ್ಟಿದರೆ ಬೆಂಕಿ.

"ಯಾವಾಗಿಂದ?" ಎಂದೆ.

"ಬೆಳಗಾವಿಯಿಂದ ಸ್ವಲ್ಪ ಚಳಿ ಇತ್ತು. ಹೇಳಿದ್ರ ಇವ ಗೆದ್ದೆ ಅಂತಿದ್ದ," ಎಂದರು.

ಚನಮಲ್ಲಪ್ಪ ಅವರನ್ನು ಎತ್ತಿ ಹೆಗಲ ಮೇಲೆ ಹಾಕಿಕೊಂಡು, ಹತ್ತಿರ ಕಂಡ ಮನೆಯ ಜಗುಲಿಗೆ ಹೋಗಿ, ಬೆಂಚಿನ ಮೇಲೆ ಮಲಗಿದ್ದವನನ್ನು ಕಾಲಿನಿಂದಲೇ ಎಬ್ಬಿಸಿದ.

ಎದ್ದವನು ಕೈತಾನ. ಆ ಊರಿಗೆ ಪಾವು ಸುಡುವ ಬೇಕರಿಯವನು, ಕ್ರಿಸ್ತರವನು. ಹಿಂದೆ ಕೆಲ ಕಾಲ ಬೆಳಗಾವಿಯ ಬೇಕರಿಯೊಂದರಲ್ಲಿ ದುಡಿದಿದ್ದನಂತೆ, ಕೊಂಕಣಿ ಬೆರೆತ ಕನ್ನಡ ಆಡುತ್ತಿದ್ದ. ನಮ್ಮವರನ್ನು ಒಳಗೆ ಮಂಚದ ಮೇಲೆ ಮಲಗಿಸಿ, ಹೊರಗೆ ಬಂದು ಎರಡೂ ಗಾಡಿ ನೋಡಿ, "ಎರಡೂ ಬೇಕಾರ್, ಕೆಲಸಕ್ಕೆ ಬಾರದ್ದು. ನನ್ನದು ನೋಡಿ," ಎಂದು ಕೊಟ್ಟಿಗೆಯತ್ತ ಬೆರಳು ತೋರಿಸಿದ. ಅಲ್ಲಿ ಮೂರನೆಯದೊಂದು ಕಂಪನಿಯ ಹಳೆಯ ಗಾಡಿ ಇತ್ತು, ಹಿಂದೆ ಪಾವಿನ ಬುಟ್ಟಿ ಕಟ್ಟಿತ್ತು. ಅಂಥ ಹೊತ್ತಿನಲ್ಲೂ ಚನಮಲ್ಲಪ್ಪ ಅವನನ್ನು ಕರುಣೆಯಿಂದ ನೋಡಿದ್ದು ನನ್ನ ಕಣ್ಣಿಗೆ ಬಿತ್ತು.

ಕೈತಾನನ ತಾಯಿ ನನಗೆ ನೀರು ತಂದರು. ನಾನು ಕೈಚಾಚಲು ಹಿಂಜರಿದೆ. ಹುಟ್ಟಿದ ಮೇಲೆ ಪರಜಾತಿಯವರ ಮನೆಯಲ್ಲಿ ನೀರು ಕುಡಿದವಳಲ್ಲ. ಅವರು ಬೇಸರಿಸಲಿಲ್ಲ. ಒಳಗೆ ಹೋಗಿ ಹೊಸ ಮಣ್ಣಿನ ಗಡಿಗೆ ತಂದಿಟ್ಟು, ಬಾವಿಯ ಹಗ್ಗ ತೋರಿಸಿ, ಅಂಗಳದಲ್ಲಿ ಮೂರು ಕಲ್ಲು ಹೂಡಿಕೊಟ್ಟು, ತಾವು ದೂರ ಸರಿದು ಕೂತರು. ನಾನು ನೀರು ಸೇದಿದೆ, ಒಲೆ ಹಚ್ಚಲು ಹೋದೆ. ಕಡ್ಡಿ ಆರಿತು, ಮತ್ತೆ ಗೀರಿದೆ, ಮತ್ತೆ ಆರಿತು. ಆಗ ಅವರು ಎದ್ದು ಬಂದು ನನ್ನ ಕೈಯಿಂದ ಕಡ್ಡಿಪೆಟ್ಟಿಗೆ ತೆಗೆದುಕೊಂಡರು. ಆ ಸಂಜೆ ಅವರು ಬೇಯಿಸಿದ ಕೆಂಪಕ್ಕಿಯ ಗಂಜಿಯನ್ನೇ ನಮ್ಮವರಿಗೆ ಕುಡಿಸಿದೆ. ಉಳಿದದ್ದನ್ನು ಅದೇ ಬಟ್ಟಲಿನಲ್ಲಿ ನಾನೂ ಕುಡಿದೆ. ಉಪ್ಪು ಹೆಚ್ಚಾಗಿತ್ತು. ರುಚಿಯಾಗಿತ್ತು.

ದೀಪ ಹಚ್ಚುವ ಹೊತ್ತಿಗೆ ಜ್ವರ ಏರಿ ಅವರು ಬಡಬಡಿಸತೊಡಗಿದರು. ಮೊದಲು ಕೋರ್ಟಿನ ಮಾತು. ಆಮೇಲೆ ದನಿ ಸಣ್ಣದಾಯಿತು.

"ಕೃಷ್ಣೀ, ಅಂಚಿಗೆ ಕೈ ಹಾಕಬ್ಯಾಡ. ಗಾಲಿ ಅದ ಅಲ್ಲಿ. ಅವ್ವನ ತೊಡಿಮ್ಯಾಲೆ ಸರಿಯಾಗಿ ಕೂಡು. ಅಕಾ, ಹೊಳಿ ಬಂತು ನೋಡು, ನಿನ್ನ ಹೆಸರಿನ ಹೊಳಿ."

ನಮ್ಮ ಮನೆಯಲ್ಲಿ ಕೃಷ್ಣಿ ಎಂಬ ಹೆಸರಿನವರು ಯಾರೂ ಇಲ್ಲ. ಯಾರಿಗೆ ಹೇಳುತ್ತಿದ್ದಾರೆಂದು ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು. ತಣ್ಣೀರ ಬಟ್ಟೆ ಹಿಂಡುತ್ತಿದ್ದ ಚನಮಲ್ಲಪ್ಪ ಗೋಡೆಯ ಕಡೆ ಮುಖ ತಿರುಗಿಸಿದ.

"ನಿಮಗ ಗೊತ್ತಿತ್ತೇನು?" ಎಂದೆ.

"ಹೆಸರು ಗೊತ್ತಿರಲಿಲ್ರಿ ವೈನಿ. ಆದ್ರ ಸೈಡ್‌ಕಾರ ತರಾಕ ಬೆಳಗಾವಿಗೆ ನನ್ನ ಕರಕೊಂಡ ಹೋಗಿದ್ರು. ಮಂದಿ ಮುಂದ ಜಗಳಾ ಆಡತೇವಿ, ಆ ಮಾತು ಬ್ಯಾರೆ. ಅಂಗಡ್ಯಾಗ ಎರಡು ಇದ್ದೂ. ಸಣ್ಣದು ಬ್ಯಾಡ, ಕೂಸಿನ ಇಟಗೊಂಡು ಕುಂತ್ರ ಅವಳಿಗೆ ಇಕ್ಕಟ್ಟ ಆಕೈತಿ ಅಂತ ದೊಡ್ಡದು ತಗೊಂಡ್ರು. ಯಾರಿಗೂ ಹೇಳಬ್ಯಾಡ ಅಂದಿದ್ರು. ನಾನೂ ಹೇಳಲಿಲ್ಲ."

ಬಟ್ಟೆಯನ್ನು ನನ್ನ ಕೈಗೆ ಕೊಟ್ಟು ಅವನು ಹೊರಗೆ ಹೋದ. ನಾನು ಅವರ ಹಣೆ ಒರೆಸುತ್ತ ಕೂತೆ. ಆ ಗಾಡಿಯ ಪಕ್ಕ ಅವರು ಗಂಟೆಗಟ್ಟಲೆ ಕೂಡುತ್ತಿದ್ದುದು, ಒರೆಸಿದ್ದನ್ನೇ ಒರೆಸುತ್ತಿದ್ದುದು ನೆನಪಾಯಿತು. ಅವರು ಹದ್ದನ್ನು ಒರೆಸುತ್ತಿರಲಿಲ್ಲ, ಯಾವಾಗಲೂ ಸೈಡ್‌ಕಾರನ್ನೇ ಒರೆಸುತ್ತಿದ್ದರು.

ಮಾಪುಸಾ

ಬೆಳಕು ಹರಿಯುವಾಗ ಜ್ವರ ಇಳಿದಿರಲಿಲ್ಲ. ಮಾಪುಸಾದ ಆಸ್ಪತ್ರೆಗೆ ಒಯ್ಯಬೇಕು ಎಂದ ಕೈತಾನ. ಬಸ್ಸಿಗೆ ಕಾಯುವಂತಿರಲಿಲ್ಲ.

ಚನಮಲ್ಲಪ್ಪ ಹದ್ದಿನ ಮುಂದೆ ನಿಂತ. ಹದ್ದಿನ ಮೇಲೆ ಕಾಲು ಹಾಕಿದ ದಿನ ಮಗ್ಗದ ಮೇಲೆ ಕೂಡುವುದಿಲ್ಲ ಎಂದು ಅವನು ಲೋಕಾಪುರದಲ್ಲಿ ಎಷ್ಟು ಸಲ ಹೇಳಿದ್ದನೋ. ತನ್ನ ಹುಲಿಯನ್ನು ಕೈತಾನನ ಕೊಟ್ಟಿಗೆಯಲ್ಲಿ ನಿಲ್ಲಿಸಿ, ಅದರ ಮೇಲೆ ತನ್ನ ಶಾಲು ಹೊದಿಸಿ ಬಂದು, ಹದ್ದಿಗೆ ಕಿಕ್ಕು ಹೊಡೆದ.

ನಮ್ಮವರನ್ನು ಕಂಬಳಿ ಸುತ್ತಿ ಸೈಡ್‌ಕಾರಿನಲ್ಲಿ ಕೂಡಿಸಿದೆವು. ಉಳಿದದ್ದು ಹಿಂದಿನ ಸೀಟು. ಪರಗಂಡಸಿನ ಬೆನ್ನಹಿಂದೆ ಕೂಡುವುದೆಂದರೆ ಜಮಖಂಡಿಯಲ್ಲಿ ಏನಾಗುತ್ತಿತ್ತೆಂದು ನಾನು ಯೋಚಿಸಲಿಲ್ಲ ಎಂದರೆ ಸುಳ್ಳಾದೀತು. ಯೋಚಿಸಿದೆ. ಆಮೇಲೆ ಕಚ್ಚೆ ಬಿಗಿದುಕೊಂಡು ಆಚೀಚೆ ಕಾಲು ಹಾಕಿ ಕೂತೆ.

ಮೊದಲ ತಿರುವಿನಲ್ಲೇ ಗದ್ದೆಗೆ ಬೀಳುತ್ತಿದ್ದೆವು. ಒಂಟಿ ಗಾಡಿಯವರು ತಿರುವಿನಲ್ಲಿ ಮೈ ವಾಲಿಸುತ್ತಾರೆ. ಸೈಡ್‌ಕಾರಿನ ಗಾಡಿ ವಾಲುವುದಿಲ್ಲ. ನಾನು ತಿಂಗಳುಗಟ್ಟಲೆ ಪಕ್ಕದಲ್ಲಿ ಕೂತು ಅವರ ಕೈಯನ್ನೇ ನೋಡುತ್ತ ಬಂದವಳು.

"ವಾಲಬ್ಯಾಡ್ರಿ, ಹ್ಯಾಂಡಲ್ ತಿರುಗಸ್ರಿ," ಎಂದೆ. "ವೇಗ ಕೊಟ್ರ ಎಡಕ್ಕ ಎಳೀತದ. ಬ್ರೇಕ್ ಹಾಕಿದ್ರ ಬಲಕ್ಕ."

"ಇದೆಂಥಾ ಹಟಮಾರಿ ಪ್ರಾಣಿರಿ," ಎಂದ.

"ಹಂಗs ಅದ. ಆದ್ರ ಮಾತು ಕೇಳ್ತದ. ಬಿಗಿ ಹಿಡೀರಿ."

ಕೈತಾನ ತನ್ನ ಗಾಡಿಯಲ್ಲಿ ಮುಂದೆ ಮುಂದೆ ಹೋಗಿ, ಹೊಳೆಯ ಹತ್ತಿರ ದೋಣಿಯವರನ್ನು ತಡೆದು ನಿಲ್ಲಿಸಿದ್ದ. ಹಲಗೆ ಹಾಕಿ ಗಾಡಿ ಏರಿಸುವಾಗ ದೋಣಿಯಲ್ಲಿದ್ದ ಮೀನುಗಾರ ಹೆಂಗಸರೂ ಬುಟ್ಟಿ ಇಳಿಸಿ ಕೈಹಾಕಿದರು. ಒಬ್ಬಾಕೆ ತನ್ನ ಸೆರಗಿನಿಂದ ನಮ್ಮವರ ಮುಖಕ್ಕೆ ನೆರಳು ಹಿಡಿದು ನಿಂತಳು, ದಡ ಮುಟ್ಟುವವರೆಗೂ. ಅವಳ ಹೆಸರು ಕೇಳಲಿಲ್ಲ.

ಆಸ್ಪತ್ರೆಯ ಡಾಕ್ಟರು ಮರಾಠಿಯಲ್ಲಿ ಮಾತಾಡಿದರು. ಮಲೇರಿಯಾ, ಇಲ್ಲಿ ಹತ್ತಿದ್ದಲ್ಲ, ನಿಮ್ಮ ಊರಿನಿಂದಲೇ ತಂದದ್ದು ಎಂದರು. ಔಷಧ ಕೊಟ್ಟರು, ಉಳಿಯುತ್ತಾರೆ ಎಂದರು. ಚನಮಲ್ಲಪ್ಪ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು, "ರೊಟ್ಟಿ ಬಡದ ನೋಡಿದ್ರು, ಚಟ್ನಿ ಮೂಸಿ ನೋಡಿದ್ರು. ಇದನ್ನ ಒಂದ ಹಿಡೀಲಿಲ್ಲ ನೋಡ್ರಿ ಗಡ್ಯಾಗ," ಎಂದ. ನಗುತ್ತ ನಗುತ್ತ ಅವನ ಕಣ್ಣಲ್ಲಿ ನೀರು ಬಂದು, ಧೋತರದ ಚುಂಗಿನಲ್ಲಿ ಮುಖ ಮುಚ್ಚಿಕೊಂಡ.

ಮುಂದಿನ ದಿನಗಳಲ್ಲಿ ನನಗೆ ಗೊತ್ತಾದದ್ದು, ಮಾಪುಸಾದಲ್ಲೂ ಒಂದು ಲೋಕಾಪುರ ಇದೆ ಎಂಬುದು. ಆಸ್ಪತ್ರೆಯ ಮುಂದೆ ಸೈಡ್‌ಕಾರಿನ ಹದ್ದು ನಿಂತ ಸುದ್ದಿ ಹಬ್ಬಿ, ಅಲ್ಲಿಯ ಹದ್ದಿನವರು ಎಳನೀರು ಹಿಡಿದು ಬಂದರು. ಅದನ್ನು ಕೇಳಿ ಹುಲಿಯವರು ಬಂದರು, ನಿನ್ನ ಹುಲಿ ಎಲ್ಲಿ ಎಂದು ಚನಮಲ್ಲಪ್ಪನನ್ನು ಕೇಳಿ, ಕೈತಾನನ ಊರಿಗೆ ಹೋಗಿ ಅದನ್ನು ತೊಳೆದು ಎಣ್ಣೆ ಹಾಕಿ ಬಂದರು. ಎರಡು ಗುಂಪಿನವರೂ ಆಸ್ಪತ್ರೆಯ ಅಂಗಳದಲ್ಲಿ ಬೇರೆ ಬೇರೆ ಮರದ ಕೆಳಗೆ ನಿಲ್ಲುತ್ತಿದ್ದರು. ಭಾಷೆ ಪೋರ್ತುಗೀಜ್, ಕೊಂಕಣಿ. ಏನು ಹೇಳಿ ಬೈದಾಡುತ್ತಿದ್ದಾರೆಂದು ನನಗೆ ಒಂದಕ್ಷರ ಬಿಡದೆ ತಿಳಿಯುತ್ತಿತ್ತು.

ಸಮುದ್ರ

ನಮ್ಮವರು ನಡೆಯುವಂತಾದ ಮೇಲೆ, ಕೈತಾನ ಒಂದು ಇಳಿಹೊತ್ತು ನಮ್ಮನ್ನು ಕಳಂಗುಟದ ದಂಡೆಗೆ ಕರೆದುಕೊಂಡು ಹೋದ. ದೇವರ ಗುಡಿ ಇನ್ನೂ ದೂರ, ಆ ದಾರಿ ಬೇಡ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಗುಡಿ ಇರುವ ದಿಕ್ಕು ಕೇಳಿ ಅತ್ತ ಕೈಮುಗಿದು, ನನ್ನ ಕಾಲ್ಬೆರಳಿಗೆ ಬಡಿಯುತ್ತ ಬಂದ ತೆಂಗಿನಕಾಯನ್ನು ನೀರಿಗೆ ಬಿಟ್ಟೆವು. ಅಲೆ ಅದನ್ನು ಒಯ್ದಿತು, ತಂದಿತು, ಮತ್ತೆ ಒಯ್ದಿತು.

ನಾನು ಸಮುದ್ರ ನೋಡಿದ್ದು ಅದೇ ಮೊದಲು. ನಮ್ಮ ಕೃಷ್ಣಾ ಹೊಳೆಗೆ ಮಹಾಪೂರ ಬಂದಾಗಲೂ ಆಚೆ ದಡ ಒಂದು ಇರುತ್ತದೆ. ಇಲ್ಲಿ ಕಣ್ಣಿಗೆ ನಿಲ್ಲಲು ಎಲ್ಲೂ ಜಾಗವಿಲ್ಲ. ಮರಳಲ್ಲಿ ಕೂತು, ಅವರ ಮುಖ ನೋಡದೆ ಕೇಳಿದೆ.

"ಕೃಷ್ಣಿ ಅಂತ ಹೆಸರಿಟ್ಟಿದ್ರಿ?"

"ಯಾರು ಹೇಳಿದ್ರು?"

"ನೀವs. ಜ್ವರದಾಗ."

"ಗಂಡಾದ್ರ ಅಪ್ಪನ ಹೆಸರು ಇದ್ದs ಇತ್ತು. ಹೆಣ್ಣಾದ್ರ ಇದು ಅಂತ ಮನಸಿನ್ಯಾಗ ಇಟಗೊಂಡಿದ್ದೆ. ಆಮ್ಯಾಲೆ ನಿನಗ ಹೇಳಿದ್ರ ನೀ ಅಳ್ತೀ ಅಂತ ಹೇಳಲಿಲ್ಲ."

"ಅಳಬೇಕಾಗಿತ್ತಲ್ಲ," ಎಂದೆ. "ನಾ ಒಬ್ಬಾಕಿನs ಅತ್ತೆ. ಹೆಸರs ಇಲ್ಲದ ಕೂಸಿಗೆ ಏನಂತ ಅಳೂದು?"

ಅವರು ಮರಳನ್ನು ಮುಷ್ಟಿಯಲ್ಲಿ ಹಿಡಿದು ಬಿಡುತ್ತಿದ್ದರು. ಕೊನೆಗೆ ಆ ಕೈ ನನ್ನ ಕೈ ಮೇಲೆ ಬಂತು. ಹಗಲು ಹೊತ್ತಿನಲ್ಲಿ, ಬಯಲಿನಲ್ಲಿ ಅವರು ನನ್ನ ಕೈ ಹಿಡಿದದ್ದು ಅದೇ ಮೊದಲು. ನಾವಿಬ್ಬರೂ ಅಲ್ಲಿ ಕೂತು ಅತ್ತೆವು. ಗಾಳಿ ಜೋರಾಗಿತ್ತು, ಯಾರಿಗೂ ಕೇಳಿಸಲಿಲ್ಲ. ಸ್ವಲ್ಪ ದೂರದಲ್ಲಿ ಚನಮಲ್ಲಪ್ಪ, ಕೈತಾನ ನಮ್ಮತ್ತ ಬೆನ್ನು ಹಾಕಿ ನಿಂತು, ಕೈತಾನನ ಗಾಡಿ ಎಷ್ಟು ಕೆಟ್ಟದ್ದು ಎಂಬ ವಿಷಯದ ಮೇಲೆ ಕೂಗಾಡುತ್ತಿದ್ದರು. ನಾವು ಏಳುವವರೆಗೂ ಅವರು ಆ ಜಗಳ ನಿಲ್ಲಿಸಲಿಲ್ಲ.

ಮತ್ತೆ ಗಡಿ

ತಿರುಗಿ ಹೊರಡುವಾಗ ಗಾಡಿ ಎರಡು, ನಡೆಸುವವನು ಒಬ್ಬ. ನಮ್ಮವರಿಗೆ ಇನ್ನೂ ಶಕ್ತಿ ಬಂದಿರಲಿಲ್ಲ. ಚನಮಲ್ಲಪ್ಪ ಮುಧೋಳಕ್ಕೆ ತಂತಿ ಕೊಟ್ಟ. ಕೊಟ್ಟದ್ದು ತನ್ನ ಹುಲಿಯವರಿಗಲ್ಲ, ಹನಮಂತಗೌಡರಿಗೆ. ಅವರು ಮುಧೋಳದ ಕಟ್ಟಾ ಹದ್ದಿನವರು. ಹುಲಿಯ ಸೀಟು ತಾಗಿದರೆ ಧೋತರ ಝಾಡಿಸಿಕೊಳ್ಳುವ ಮನುಷ್ಯ. "ವಕೀಲ್ರ ಗಾಡಿ ಸೈಡ್‌ಕಾರಿನ ಸಮೇತ ನಡಸಾಕ ಬರೋದು ಅವರೊಬ್ಬರಿಗೆ," ಎಂದ.

ಹೊರಡುವ ದಿನ ಕೈತಾನನ ತಾಯಿ ಆ ಮಣ್ಣಿನ ಗಡಿಗೆಯನ್ನು ನನಗೇ ಕೊಟ್ಟರು. ಚನಮಲ್ಲಪ್ಪ ಹದ್ದು ನಡೆಸಿದ, ಕೈತಾನ ಹುಲಿ ನಡೆಸಿದ. ಗಡಿಯ ಗಂಬದ ಹತ್ತಿರ ಬಂದಾಗ ಆಚೆ ಕಡೆ ನೋಡಿ ನಾನು ಹಿಂದಿನ ಸೀಟಿನಲ್ಲೇ ಎದ್ದು ನಿಂತೆ. ಹನಮಂತಗೌಡರು ಒಬ್ಬರೇ ಬಂದಿರಲಿಲ್ಲ. ಬೀಳಗಿಯ ಸಾಲಿ ಮಾಸ್ತರರು, ರಬಕವಿಯವರು, ಎರಡೂ ಬೆಂಚಿನವರು ಧೂಳು ಮೆತ್ತಿದ ಮುಖ ಹೊತ್ತು ಸಾಲಾಗಿ ನಿಂತಿದ್ದರು. ಹದ್ದು, ಹುಲಿ ಬೆರಕೆಯಾಗಿ ನಿಂತದ್ದನ್ನು ನಾನು ನೋಡಿದ್ದು ಅಲ್ಲೇ.

ಕೈತಾನ ಗಡಿ ದಾಟುವಂತಿಲ್ಲ, ಇತ್ತ ಕಡೆಯವರು ಒಳಗೆ ಬರುವಂತಿಲ್ಲ. ಇಂಜಿನ್ ನಿಲ್ಲಿಸಿ ತಳ್ಳಿಕೊಂಡು ಹೋಗಬೇಕು ಎಂದ ಅಧಿಕಾರಿ. ಕೈತಾನ ಹುಲಿಯನ್ನು ಗಂಬದವರೆಗೆ ತಳ್ಳಿದ. ಆಚೆಯಿಂದ ಒಂದು ಕೈ ಬಂದು ಹ್ಯಾಂಡಲ್ ಹಿಡಿಯಿತು. ಹನಮಂತಗೌಡರ ಕೈ. ಮುಂದಿನ ಗಾಲಿ ನಮ್ಮ ದೇಶದಲ್ಲಿ, ಹಿಂದಿನದು ಪರದೇಶದಲ್ಲಿ ಇದ್ದ ಆ ಗಳಿಗೆಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ನಮ್ಮ ಮಂದೀನ ಛಲೋ ಜ್ವಾಕಿ ಮಾಡೀರಿ," ಎಂದರು ಗೌಡರು.

"ಗಾಡಿ ಬೇಕಾರ್, ಮನುಷ್ಯ ಒಳ್ಳೆಯವನು," ಎಂದ ಕೈತಾನ.

ಚನಮಲ್ಲಪ್ಪ ಅವನನ್ನು ಅಪ್ಪಿಕೊಂಡು, "ಮುಂದಿನ ಸರತಿ ಬನಹಟ್ಟಿಗೆ ಬಾ. ನಿಮ್ಮವ್ವಗ ಸೀರಿ ನೇಯ್ದ ಇಟ್ಟಿರತೇನಿ," ಎಂದ. ಸೀರೆ ನೇಯ್ದ ಕೂಡ. ಆದರೆ ಆಮೇಲೆ ಆ ಗಡಿ ಮುಚ್ಚಿಹೋಯಿತು. ತೆರೆದ ಮೇಲೆ ಹೋಗಿ ಕೇಳಿದಾಗ, ಬೇಕರಿ ಮಾರಿ ಅವರು ಆಫ್ರಿಕಾಕ್ಕೆ ಹೋದರೆಂದು ತಿಳಿಯಿತು.

ಜಮಖಂಡಿ

ಗೌಡರು ಹದ್ದು ನಡೆಸಿದರು, ನಮ್ಮವರು ಸೈಡ್‌ಕಾರಿನಲ್ಲಿ ಒರಗಿದರು. ನಾನು ಹುಲಿಯ ಹಿಂದಿನ ಸೀಟಿನಲ್ಲಿ ಕೂತೆ. ಬೆಳಗಾವಿಯಲ್ಲಿ ಯಾರೋ ವೈನಿಯವರನ್ನು ಬಸ್ಸಿಗೆ ಹತ್ತಿಸೋಣ ಎಂದರು. ನಾನು ಇಳಿಯಲಿಲ್ಲ.

ಜಮಖಂಡಿ ಕಾಣುವಾಗ ಚನಮಲ್ಲಪ್ಪ ಗಾಡಿ ನಿಲ್ಲಿಸಿದ. "ವೈನಿ, ಇಲ್ಲಿಂದ ಟಾಂಗಾ ಮಾಡಿ ಕಳಸತೇನ್ರಿ. ಓಣ್ಯಾಗ ಮಂದಿ ಏನರೆ ಅಂತಾರ."

"ಅನ್ನಲಿ. ನಡೀರಿ."

ಓಣಿಯಲ್ಲಿ ಮಂದಿ ಬಾಗಿಲಿಗೆ ಬಂದು ನಿಂತರು. ಅತ್ತೆಯವರೂ ನಿಂತಿದ್ದರು. ಅವರ ಕಣ್ಣು ಮೊದಲು ನನ್ನ ಮೇಲೆ, ನಾನು ಕೂತ ಸೀಟಿನ ಮೇಲೆ ಬಿತ್ತು. ಆಮೇಲೆ ಮಗನ ಮೇಲೆ. ದಿನವಿಡೀ ಮಡಚಿಕೊಂಡು ಕೂತು ನಮ್ಮವರ ಕಾಲು ಜೋಮು ಹಿಡಿದಿದ್ದವು. ಗೌಡರು ಒಂದು ಕಡೆ, ಚನಮಲ್ಲಪ್ಪ ಒಂದು ಕಡೆ ಹೆಗಲು ಕೊಟ್ಟು ಎಬ್ಬಿಸಿದರು. ಹೊಸ್ತಿಲ ಮುಂದೆ ಬಂದು ಇಬ್ಬರೂ ನಿಂತರು. ಅಷ್ಟು ವರ್ಷಗಳಲ್ಲಿ, ಜಾತಿ ಬೇರೆಯೆಂದು, ಅವರು ನಮ್ಮ ಕಟ್ಟೆ ದಾಟಿ ಒಳಗೆ ಬಂದವರಲ್ಲ.

ಅತ್ತೆಯವರು ಬಾಗಿಲಿನಿಂದ ಪಕ್ಕಕ್ಕೆ ಸರಿದು, "ನಿಂತ್ರ್ಯಾಕ? ಒಳಗ ಕರಕೊಂಡು ಬರ್ರಿ. ಅವಗ ಕಾಲಾಗ ಶಕ್ತಿ ಇಲ್ಲ, ಕಾಣೂದಿಲ್ಲೇನು," ಎಂದರು. ತಾವೇ ಜಮಖಾನೆ ಹಾಸಿದರು. ಎಲ್ಲರೂ ಬಂದು ಕೂತರು.

ನಾನು ಚಹಾಕ್ಕೆ ನೀರಿಟ್ಟೆ. ಪಡಸಾಲೆಯಲ್ಲಿ ಕರಾರು ಸೋತವರು ಯಾರೆಂದು ಹದ್ದು-ಹುಲಿಯ ಜಗಳ ಶುರುವಾಗಿತ್ತು, ನಮ್ಮವರ ಬಳಲಿದ ದನಿಯೂ ಅದರಲ್ಲಿ ಕೇಳುತ್ತಿತ್ತು. ಅತ್ತೆಯವರು ಒಲೆಯ ಹತ್ತಿರ ಬಂದು ಕೂತರು. ದೇವರ ದರ್ಶನ ಆಯಿತೇ ಎಂದು ಕೇಳಲಿಲ್ಲ.

"ಮಾತಾಡಿದನೇನು ನಿನ್ನ ಜೋಡಿ?"

"ಆಡಿದ್ರು. ಕೂಸಿಗೆ ಹೆಸರಿಟ್ಟಿದ್ರಂತ. ಕೃಷ್ಣಿ ಅಂತ."

ಅತ್ತೆಯವರು ಬೆಂಕಿಯನ್ನೇ ನೋಡುತ್ತ ಆ ಹೆಸರನ್ನು ತಾವೂ ಒಮ್ಮೆ, ಮೆಲ್ಲಗೆ ಅಂದರು. ಆಮೇಲೆ ಬಟ್ಟಲುಗಳನ್ನು ಸಾಲಾಗಿ ಇಟ್ಟು, ಚಹಾ ಸೋಸಿ, ನಾನು ಏಳುವುದರೊಳಗೆ ತಟ್ಟೆ ಎತ್ತಿಕೊಂಡು ತಾವೇ ಪಡಸಾಲೆಗೆ ಹೋದರು.